ಪ್ರೊಬೇಷನ್ ಸಿಕ್ಕರೂ ಜೈಲಿಗೆ ಹೋಗಬೇಕಾ?

ಪ್ರಶ್ನೆ: ಸಾರ್, ನಮ್ಮ ಭಾವಮೈದನ ಮೇಲೆ ಹೊಡೆದಾಟದ ಕೇಸಿದೆ. ಪ್ರೊಬೇಷನ್ ಕೇಳೋಣ ಅಂತಾರೆ ಲಾಯರು. ಹಾಗಂದ್ರೆ ಮೊದಲು ಸ್ವಲ್ಪ ದಿನ ಜೈಲಲ್ಲಿಟ್ಟು ಆಮೇಲೆ ಬಿಡ್ತಾರಾ? – ಗುಬ್ಬಿಯ ಓದುಗರು

ಇಲ್ಲ. ಪ್ರೊಬೇಷನ್ನಿನ ಷರತ್ತಾಗಿ ಜೈಲಿನಲ್ಲಿಡುವುದು ಅಮೆರಿಕದ ಪದ್ಧತಿ. ಕ್ಯಾಲಿಫೋರ್ನಿಯಾದಲ್ಲಿ ಹಾಗೆ ಒಂದು ವರ್ಷದವರೆಗೆ ಇಡಬಹುದು. ನಮ್ಮ 1958ರ ಪ್ರೊಬೇಷನ್ ಕಾಯ್ದೆಯ 4ನೇ ಸೆಕ್ಷನ್ನಿನಲ್ಲಿ ಶಿಕ್ಷೆ ಹೇಳುವ ಬದಲು ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಕಳಿಸುತ್ತಾರೆ. ಅವಧಿ ಹೆಚ್ಚೆಂದರೆ 3 ವರ್ಷ. ಕೋರ್ಟು ಜಾಮೀನು ಕೇಳಿದರೆ ಪಹಣಿ ಹಿಡಿದು ಬರುವ ಒಬ್ಬರನ್ನು ಹುಡುಕಿಕೊಳ್ಳಿ. ಕುಡಿಯಬಾರದು, ಇಂಥಲ್ಲೇ ಇರಬೇಕು ಅನ್ನುವ ಷರತ್ತೂ ಬರಬಹುದು. ಮರಣದಂಡನೆ ಇಲ್ಲವೇ ಜೀವಾವಧಿ ಕೊಡಬಹುದಾದ ಅಪರಾಧಕ್ಕೆ ಈ ಸೌಲಭ್ಯ ಇಲ್ಲ.

ಷರತ್ತು ಮುರಿದರೆ? ಮೂಲ ಅಪರಾಧಕ್ಕೇ ಶಿಕ್ಷೆ ಹಾಕಬಹುದು. ಮೊದಲ ಸಲ ಅಂತ ಕನಿಕರ ತೋರಿದರೆ ಬರೀ ದಂಡ. ಅದೂ 50 ರೂಪಾಯಿ ಮೀರುವಂತಿಲ್ಲ. 1958ರಲ್ಲಿ ಅದು ದೊಡ್ಡ ಮೊತ್ತ ಇದ್ದಿರಬೇಕು!

ಈಗ ನನಗೆ ಸಾಕಾಗಿ ಹೋಗಿರುವ ಇನ್ನೊಂದು ಮಾತು. ತುಮಕೂರು ಕೋರ್ಟಿನ ಸುತ್ತಮುತ್ತ ಯಾವ ಟೀ ಅಂಗಡಿಯಲ್ಲಿ ನಿಂತರೂ ಕಿವಿಗೆ ಬೀಳುತ್ತದೆ: "ಎರಡು ವರ್ಷ ಶಿಕ್ಷೆ ಆಗಿತ್ತು, ಅಪೀಲಲ್ಲಿ ಸಸ್ಪೆಂಡ್ ಆಯ್ತು. ಅಪೀಲು ಮೂರು ವರ್ಷದಿಂದ ನಡೀತಿದೆ. ಶಿಕ್ಷೆ ಯಾವತ್ತೋ ಮುಗೀತು ಬಿಡಿ."

ಮುಗಿದಿಲ್ಲ ಸ್ವಾಮಿ. ಸಸ್ಪೆಂಡ್ ಅಂದ್ರೆ ಅಪೀಲು ತೀರುವವರೆಗೆ ಶಿಕ್ಷೆಗೆ ತಡೆ, ಅಷ್ಟೇ. ಒಂದು ದಿನವೂ ಕಳೆದಿಲ್ಲ.

ತಿಪಟೂರಿನ ಕೊಬ್ಬರಿ ವ್ಯಾಪಾರಿಯೊಬ್ಬರಿಗೆ ಚೆಕ್ ಬೌನ್ಸ್ ಕೇಸಲ್ಲಿ ಒಂದು ವರ್ಷ ಜೈಲು ಆಯಿತು ಅಂತಿಟ್ಟುಕೊಳ್ಳಿ. ಕೇಸು ನಡೆಯುವಾಗ ಬೇಲ್ ಮೇಲಿದ್ದರು. ಹಾಗಾಗಿ ಅಪೀಲು ಹಾಕಲು ಮ್ಯಾಜಿಸ್ಟ್ರೇಟರೇ ಟೈಮ್ ಕೊಟ್ಟು ಬಿಡುತ್ತಾರೆ. ಆಮೇಲೆ ಸೆಷನ್ಸ್ ಕೋರ್ಟು ಶಿಕ್ಷೆ ಸಸ್ಪೆಂಡ್ ಮಾಡುತ್ತದೆ. ದಂಡದ ಅಥವಾ ಪರಿಹಾರದ ಶೇ. 20ರಷ್ಟಾದರೂ ಕಟ್ಟಿ ಅನ್ನಬಹುದು. ವಾಯಿದೆ ಮೇಲೆ ವಾಯಿದೆ ಬಿದ್ದು ನಾಲ್ಕು ವರ್ಷ ಆಯಿತು. ಕೊನೆಗೆ ಅಪೀಲು ವಜಾ. ಈಗ ಅವರು ಎಷ್ಟು ದಿನ ಒಳಗಿರಬೇಕು? ಪೂರಾ ಒಂದು ವರ್ಷ. ಹೊರಗಿದ್ದ ಅವಧಿಯನ್ನು ಶಿಕ್ಷೆಯ ಲೆಕ್ಕಕ್ಕೆ ಹಿಡಿಯಬಾರದು ಅಂತ ನಾಗರಿಕ ಸುರಕ್ಷಾ ಸಂಹಿತೆಯ 430ನೇ ಸೆಕ್ಷನ್ ನೇರವಾಗಿ ಹೇಳುತ್ತದೆ. 2024ರ ಜುಲೈಗೆ ಮುಂಚೆ ಇದೇ ಮಾತು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 389ರಲ್ಲಿತ್ತು. ಇಲ್ಲದಿದ್ದರೆ ವಾಯಿದೆ ಕೇಳಿ ಕೇಳಿಯೇ ಶಿಕ್ಷೆ ತೀರಿಸಿಬಿಡಬಹುದಿತ್ತು, ಅಲ್ವಾ? ಲೆಕ್ಕಕ್ಕೆ ಬರೋದು ಅದೇ ಕೇಸಿನಲ್ಲಿ ನಿಜವಾಗಿ ಜೈಲಲ್ಲಿ ಕಳೆದ ದಿನ ಮಾತ್ರ. ತೀರ್ಪಿಗೆ ಮುಂಚೆ ಒಳಗಿದ್ದರೆ ಅದನ್ನೂ ಕಳೆಯುತ್ತಾರೆ.

ಇನ್ನೂ ಒಂದಿದೆ. ಸಸ್ಪೆಂಡ್ ಆಗೋದು ಶಿಕ್ಷೆ, 'ದೋಷಿ' ಅನ್ನುವ ತೀರ್ಪಲ್ಲ. 2023ರ ಮಾರ್ಚ್ 23ರಂದು ಸೂರತ್ ಕೋರ್ಟು ರಾಹುಲ್ ಗಾಂಧಿಗೆ 2 ವರ್ಷ ಶಿಕ್ಷೆ ಕೊಟ್ಟು ಅವತ್ತೇ 30 ದಿನ ಸಸ್ಪೆಂಡ್ ಮಾಡಿತ್ತು. ಆದರೂ ಮಾರನೇ ದಿನವೇ ಲೋಕಸಭೆ ಸದಸ್ಯತ್ವ ಹೋಯಿತು. ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತೀರ್ಪಿಗೇ ತಡೆ ಕೊಟ್ಟ ಮೇಲೆ ವಾಪಸ್ ಸಿಕ್ಕಿತು.

ಗುಬ್ಬಿಯವರು ಇದನ್ನು ಕೇಳಿಲ್ಲ, ಆದರೆ ಭಾವಮೈದ ಸರ್ಕಾರಿ ನೌಕರನಾಗಿದ್ದರೆ? ಪ್ರೊಬೇಷನ್ ಸಿಕ್ಕವರಿಗೆ ಆ ತೀರ್ಪಿನಿಂದ ಬರುವ ಅನರ್ಹತೆ ತಟ್ಟುವುದಿಲ್ಲ ಅಂತ ಪ್ರೊಬೇಷನ್ ಕಾಯ್ದೆಯ 12ನೇ ಸೆಕ್ಷನ್ ಹೇಳುತ್ತದೆ. ಅದನ್ನು ನಂಬಿ ಸುಮ್ನೆ ಕೂರಬೇಡಿ. ಪ್ರೊಬೇಷನ್ ಸಿಕ್ಕ ಮಾತ್ರಕ್ಕೆ ಇಲಾಖೆಯ ಕೈ ಕಟ್ಟಿದಂತಾಗುವುದಿಲ್ಲ, ನಡತೆಯ ಮೇಲೆ ಕ್ರಮ ಕೈಗೊಳ್ಳಬಹುದು ಅಂತ ಸುಪ್ರೀಂ ಕೋರ್ಟು 1990ರಲ್ಲೇ ಹೇಳಿದೆ. ನೋಟಿಸ್ ಬಂದರೆ ಆದೇಶದ ಸರ್ಟಿಫೈಡ್ ಕಾಪಿ ತೆಗೆಸಿಕೊಂಡು, ಲಾಯರಿಗೆ ತೋರಿಸಿದ ಮೇಲೇ ಉತ್ತರ ಬರೆಯಿರಿ.