ಶಫಲ್ ಹಾಕಿದರೂ ಒಬ್ಬರದ್ದೇ ಹಾಡು ಸಾಲಾಗಿ ಬರುತ್ತಲ್ಲ, ಯಾಕೆ?

ಪ್ರಶ್ನೆ: ಸರ್, ನಾನು ದಿನಾ ಮೈಸೂರಿಂದ ಮಂಡ್ಯಕ್ಕೆ ಟ್ರೈನಲ್ಲಿ ಓಡಾಡ್ತೀನಿ. ಫೋನಲ್ಲಿ ಶಫಲ್ ಹಾಕಿದ್ರೆ ಶ್ರೀರಂಗಪಟ್ಟಣ ಬರೋದ್ರೊಳಗೆ ಪಿ.ಬಿ. ಶ್ರೀನಿವಾಸ್ ಹಾಡು ಸಾಲಾಗಿ ಮೂರು ಬಂದಿರುತ್ತೆ. ಇದು ರ್ಯಾಂಡಮ್ ಹೇಗಾಗುತ್ತೆ?

ಉತ್ತರ: ಆಗುತ್ತೆ, ಧಾರಾಳವಾಗಿ ಆಗುತ್ತೆ.

ಪ್ರತಿ ವರ್ಷ ಇದೇ ಪ್ರಶ್ನೆ ಬೇರೆ ಬೇರೆ ವೇಷ ಹಾಕಿಕೊಂಡು ಬರುತ್ತದೆ. ಒಬ್ಬರಿಗೆ ಶಫಲ್, ಇನ್ನೊಬ್ಬರಿಗೆ ಹೌಸಿ, ಮತ್ತೊಬ್ಬರಿಗೆ ಕ್ರಿಕೆಟ್ ಟಾಸ್. ಎಲ್ಲದರ ಬುಡದಲ್ಲಿ ಇರುವುದು ಒಂದೇ ನಂಬಿಕೆ. ರ್ಯಾಂಡಮ್ ಅಂದರೆ ಎಲ್ಲಾ ಕಡೆ ಸಮನಾಗಿ ಹರಡಿರಬೇಕು, ಗುಂಪು ಕಟ್ಟಬಾರದು ಅಂತ. ಎಷ್ಟು ಸಲ ಹೇಳಿದರೂ ಇದು ತಲೆಯಿಂದ ಹೋಗುವುದಿಲ್ಲ. ಇರಲಿ, ಇನ್ನೊಮ್ಮೆ ಹೇಳುತ್ತೇನೆ.

ನಿಮ್ಮ ಪಟ್ಟಿಯಲ್ಲಿ 8 ಗಾಯಕರು, ತಲಾ 5 ಹಾಡು, ಒಟ್ಟು 40 ಅಂದುಕೊಳ್ಳಿ. ಚೆನ್ನಾಗಿ ಕಲೆಸಿದ್ದೀರಿ. ಯಾವುದಾದರೂ ಒಂದು ಹಾಡು ತಗೊಳ್ಳಿ. ಬಾಕಿ 39ರಲ್ಲಿ ಅದೇ ಗಾಯಕರದ್ದು 4. ಹಾಗಾಗಿ ಅದರ ಮುಂದಿನ ಹಾಡು ಅವರದ್ದೇ ಆಗುವ ಸಾಧ್ಯತೆ 39ಕ್ಕೆ 4. ಪಟ್ಟಿಯಲ್ಲಿ ಅಕ್ಕಪಕ್ಕದ ಜೋಡಿಗಳು 39. ಗುಣಿಸಿ ನೋಡಿ. ಸರಾಸರಿ 4 ಕಡೆ ಒಬ್ಬರದ್ದೇ ಹಾಡು ಹಿಂದೆ ಹಿಂದೆ ಬರಬೇಕು! ಒಂದು ಕಡೆಯೂ ಬರಲಿಲ್ಲ ಅಂದರೆ ಆಗ ಅನುಮಾನ ಪಡಿ.

ತರಗತಿಯಲ್ಲಿ ಇದನ್ನು ತೋರಿಸುವುದು ನನಗೆ ಬಲು ಇಷ್ಟ. ಅರ್ಧ ಮಕ್ಕಳು ನಿಜವಾಗಿ 100 ಸಲ ನಾಣ್ಯ ಚಿಮ್ಮಿ ಬರೆಯಬೇಕು. ಉಳಿದವರು ಸುಮ್ನೆ ಮನಸ್ಸಿಗೆ ತೋಚಿದಂತೆ ಹೆಡ್, ಟೇಲ್ ಅಂತ ಬರೆಯಬೇಕು. ಯಾರದು ಯಾವುದು ಅಂತ ನಾನು ಹಾಳೆ ನೋಡಿಯೇ ಹೇಳುತ್ತೇನೆ. ಮಂತ್ರ ಏನಿಲ್ಲ. ನಿಜವಾಗಿ ಚಿಮ್ಮಿದರೆ ಎಲ್ಲಾದರೂ ಒಂದು ಕಡೆ ಒಂದೇ ಮುಖ ಸಾಲಾಗಿ 6 ಸಲ ಬರುವ ಸಾಧ್ಯತೆ ಸುಮಾರು ಶೇ. 80. ಕೈಯಲ್ಲಿ ಬರೆಯುವವರು ನಾಲ್ಕು ಹೆಡ್ ಆಗುತ್ತಿದ್ದಂತೆ ಗಾಬರಿಯಾಗಿ ಟೇಲ್ ಹಾಕಿಬಿಡುತ್ತಾರೆ. ನಾಣ್ಯಕ್ಕೆ ಆ ಗಾಬರಿ ಇಲ್ಲ. ಹಿಂದೆ ಏನು ಬಿತ್ತು ಅನ್ನುವುದೇ ಅದಕ್ಕೆ ಗೊತ್ತಿಲ್ಲ.

ಇದು ಬರೀ ಆಟದ ಮಾತಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಲಂಡನ್ ಮೇಲೆ ಹಾರುವ ಬಾಂಬ್ ಬಿಟ್ಟಿತು. ಕೆಲವು ಬಡಾವಣೆಗಳ ಮೇಲೇ ಜಾಸ್ತಿ ಬೀಳುತ್ತಿವೆ, ಗುರಿ ಇಟ್ಟೇ ಹೊಡೆಯುತ್ತಿದ್ದಾರೆ ಎಂಬ ಮಾತು ಹಬ್ಬಿತು. ಆರ್. ಡಿ. ಕ್ಲಾರ್ಕ್ ಎಂಬ ವಿಮಾ ಲೆಕ್ಕಿಗ ದಕ್ಷಿಣ ಲಂಡನ್ನಿನ 144 ಚದರ ಕಿ.ಮೀ. ಜಾಗವನ್ನು 576 ಚೌಕ ಮಾಡಿ, ಅಲ್ಲಿ ಬಿದ್ದ 537 ಬಾಂಬ್‌ಗಳನ್ನು ಎಣಿಸಿ, 1946ರಲ್ಲಿ ಪ್ರಕಟಿಸಿದ. ಒಂದೂ ಬೀಳದ ಚೌಕ 229. ಬಾಂಬ್‌ಗಳು ಎಲ್ಲೆಂದರಲ್ಲಿ ಬಿದ್ದಿದ್ದರೆ ಎಷ್ಟಿರಬೇಕಿತ್ತು? ಸುಮಾರು 227. ನಾಲ್ಕು ಬಿದ್ದ ಚೌಕ 7, ಲೆಕ್ಕವೂ ಸುಮಾರು 7. ಅಂದರೆ ಬಡಾವಣೆ ನೋಡಿ ಗುರಿ ಇಟ್ಟಿದ್ದಕ್ಕೆ ಅಲ್ಲಿ ಕುರುಹೇ ಇರಲಿಲ್ಲ. ಆದರೂ ಗುಂಪುಗಳಿದ್ದವು.

ಮಂಡ್ಯದ ಕಡೆಯವರಿಗೆ ಇದನ್ನು ಗದ್ದೆಯಲ್ಲೇ ತೋರಿಸಬಹುದು. ಭತ್ತ ಎರಚಿ ಬಿತ್ತಿದರೆ ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ಬೋಳಾಗಿ ಬರುತ್ತದೆ. ಸಮನಾಗಿ ಬೇಕು ಅಂದರೆ ಹಗ್ಗ ಹಿಡಿದು ಸಾಲು ನಾಟಿ ಮಾಡಬೇಕು.

ನಿಮಗೆ ಬೇಕಿರುವುದೂ ಅದೇ. ಕಂಪನಿಗಳಿಗೂ ಇದು ಗೊತ್ತು. ಆಪಲ್ 2005ರಲ್ಲಿ, ಸ್ಪಾಟಿಫೈ 2014ರಲ್ಲಿ, ಒಬ್ಬರದ್ದೇ ಹಾಡುಗಳು ದೂರ ದೂರ ಬರುವ ಹಾಗೆ ಶಫಲ್ ತಿದ್ದಿದವು. ರ್ಯಾಂಡಮ್ ಅನ್ನಿಸಲಿ ಅಂತ ರ್ಯಾಂಡಮ್ ಗುಣ ಕಡಿಮೆ ಮಾಡಿದರು!

ಗಣಿತದಲ್ಲಿ ಈ ಸಮನಾದ ಹರಡಿಕೆಗೆ ಕ್ವಾಸಿ-ರ್ಯಾಂಡಮ್ ಅನ್ನುತ್ತಾರೆ. ವಾನ್ ಡರ್ ಕಾರ್ಪುಟ್ ಎಂಬ ಡಚ್ ಗಣಿತಜ್ಞ 1935ರಲ್ಲಿ ಕೊಟ್ಟ ಉಪಾಯ ಎಷ್ಟು ಸರಳ ನೋಡಿ. 6 ತಗೊಳ್ಳಿ. ಬೈನರಿಯಲ್ಲಿ, ಅಂದರೆ ಬರೀ 0 ಮತ್ತು 1 ಬಳಸಿ ಬರೆಯುವ ಎಣಿಕೆಯಲ್ಲಿ, ಅದು 110. ಹಿಂದು ಮುಂದು ಮಾಡಿ, ಬಿಂದು ಆದಮೇಲೆ ಬರೆಯಿರಿ: 0.011. ಬೈನರಿಯಲ್ಲಿ ಬಿಂದುವಿನ ನಂತರದ ಸ್ಥಾನಗಳ ಬೆಲೆ 1/2, 1/4, 1/8. ಹಾಗಾಗಿ ಇದು 1/4 + 1/8, ಅಂದರೆ 3/8. ಹೀಗೇ 1, 2, 3 ಅಂತ ಮಾಡುತ್ತಾ ಹೋದರೆ 1/2, 1/4, 3/4, 1/8, 5/8, 3/8, 7/8. ಪ್ರತಿ ಹೊಸ ಚುಕ್ಕಿಯೂ ಖಾಲಿ ಜಾಗದ ನಡುವೆಯೇ ಹೋಗಿ ಕೂರುತ್ತದೆ. ಇದರಲ್ಲಿ ಅದೃಷ್ಟದ ಪಾಲು ಸೊನ್ನೆ. ಮುಂದಿನ ಸಂಖ್ಯೆಯನ್ನು ಯಾರು ಬೇಕಾದರೂ ಹೇಳಬಹುದು, ಹಾಗಾಗಿ ಪಾಸ್‌ವರ್ಡ್‌ಗೆ ಇದು ಬರುವುದಿಲ್ಲ. ಆದರೆ ಚುಕ್ಕಿ ಇಟ್ಟು ವಿಸ್ತೀರ್ಣ ಅಂದಾಜು ಮಾಡುವಂಥ ಕೆಲಸಕ್ಕೆ ಬಂಗಾರ. ಬರೀ ರ್ಯಾಂಡಮ್ ಚುಕ್ಕಿ ಇಟ್ಟರೆ ತಪ್ಪು ಹತ್ತನೇ ಒಂದಾಗಲು ನೂರು ಪಟ್ಟು ಚುಕ್ಕಿ ಬೇಕು. ಇದರಲ್ಲಿ ಎಷ್ಟೋ ಸಲ ಹತ್ತು ಪಟ್ಟಿನ ಆಸುಪಾಸಿನಲ್ಲೇ ಕೆಲಸ ಮುಗಿಯುತ್ತದೆ. ಹಾಲ್ಟನ್ 1960ರಲ್ಲಿ, ಸೋಬೋಲ್ 1967ರಲ್ಲಿ ಇದನ್ನು ಒಂದು ಗೆರೆಯಿಂದ ಚೌಕ, ಘನದಂಥ ಹಲವು ಆಯಾಮಗಳಿಗೆ ಒಯ್ದರು.

"ಫೋನಿನ ರ್ಯಾಂಡಮ್ ಸೂತ್ರದಿಂದ ಬಂದಿದ್ದು ಅಲ್ವಾ, ಅದಕ್ಕೇ ಹೀಗೆ" ಅನ್ನುವವರೂ ಇದ್ದಾರೆ. ಸೂತ್ರದಿಂದ ಬರುವುದು ನಿಜ. ಆದರೆ ಮೂರು ಹಾಡಿಗೆ ಅದು ಕಾರಣವಲ್ಲ. ಚೀಟಿ ಎತ್ತಿದ್ದರೂ ಹೀಗೇ ಆಗುತ್ತಿತ್ತು.

ಯಾರೂ ಕೇಳಲಿಲ್ಲ, ಆದರೂ ನಾಣ್ಯದ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ನಾಣ್ಯ ಪೂರ್ತಿ ಸಮ ಅಲ್ಲ. ಗಾಳಿಯಲ್ಲಿ ಅದು ಸ್ವಲ್ಪ ಓಲಾಡುತ್ತದೆ, ಹಾಗಾಗಿ ಚಿಮ್ಮುವಾಗ ಮೇಲಿದ್ದ ಮುಖವೇ ತುಸು ಜಾಸ್ತಿ ಸಲ ಮೇಲೆ ಬರುತ್ತದೆ ಎಂದು ಗಣಿತಜ್ಞ ಪರ್ಸಿ ಡಯಾಕೊನಿಸ್ ಮತ್ತು ಸಂಗಡಿಗರು 2007ರಲ್ಲಿ ಲೆಕ್ಕ ಹಾಕಿದ್ದರು. 2023ರಲ್ಲಿ ಒಂದು ತಂಡ 3,50,757 ಸಲ ಚಿಮ್ಮಿ ನೋಡಿತು. ಶೇ. 50.8ರಷ್ಟು ಸಲ ಹಾಗೇ ಆಯಿತು. ಟಾಸ್ ಕೇಳುವವರಿಗೆ ಯಾವ ಮುಖ ಮೇಲಿದೆ ಅಂತ ಕಾಣದ ಹಾಗೆ ನಾಣ್ಯ ಹಿಡಿದುಕೊಂಡರೆ ಈ ತಕರಾರೂ ಇಲ್ಲ.