ನಿಧಾನದ ಅಂಕಣದಲ್ಲಿ ಅವಸರದ ಚೆಂಡು

ಟೆನಿಸ್ ನೋಡುವವರಿಗೆಲ್ಲ ಬಾಯಿಪಾಠವಾದ ಒಂದು ಮಾತಿದೆ: ಮಣ್ಣಿನ ಅಂಕಣ ನಿಧಾನ, ಹುಲ್ಲಿನದು ವೇಗ, ಹಾರ್ಡ್‌ಕೋರ್ಟ್ ಎರಡರ ನಡುವೆ. ಈ ಮಾತನ್ನೇ ನಂಬಿಕೊಂಡು ಕೊಲಂಬಿಯಾದ ರಾಜಧಾನಿ ಬೊಗೊಟಾಕ್ಕೆ ಹೋದರೆ ಪೆಟ್ಟು ತಿನ್ನಬೇಕಾಗುತ್ತದೆ. ಸಮುದ್ರಮಟ್ಟದ ಊರುಗಳಲ್ಲಿ ಗೆರೆಯೊಳಗೆ ಬೀಳುತ್ತಿದ್ದ ಹೊಡೆತ ಅಲ್ಲಿ ಬೇಸ್‌ಲೈನ್ ದಾಟಿಬಿಡುತ್ತದೆ. ಅಂಕಣ ಅದೇ ಕೆಂಪು ಮಣ್ಣಿನದು. ಬದಲಾಗಿರುವುದು ಅದರ ಮೇಲಿನ ಗಾಳಿ.

ಬೊಗೊಟಾ ಇರುವುದು ಆಂಡಿಸ್ ಪರ್ವತಗಳ ನಡುವೆ, ಸುಮಾರು 2,600 ಮೀಟರ್ ಎತ್ತರದಲ್ಲಿ. ಅಲ್ಲಿ 1998ರಿಂದ ‘ಕೋಪಾ ಕೊಲ್ಸಾನಿಟಾಸ್’ ಎಂಬ ಮಹಿಳಾ ಟೂರ್ನಿ ನಡೆಯುತ್ತಿದೆ. ಮಹಿಳಾ ಟೆನಿಸ್ ಸಂಘಟನೆಯಾದ ಡಬ್ಲ್ಯುಟಿಎಯ 250 ದರ್ಜೆಯದು. ಗೆದ್ದವಳಿಗೆ ಸಿಗುವುದು 250 ರ‍್ಯಾಂಕಿಂಗ್ ಅಂಕ, ಗ್ರ್ಯಾಂಡ್‌ಸ್ಲಾಮ್ ಗೆದ್ದರೆ ಸಿಗುವ 2,000ದ ಮುಂದೆ ಚಿಲ್ಲರೆ. ಆದರೆ ಭೌತಶಾಸ್ತ್ರ ಇಷ್ಟಪಡುವವರು ವಿಂಬಲ್ಡನ್ ಬಿಟ್ಟು ನೋಡಬೇಕಾದ ಟೂರ್ನಿ ಇದು ಎಂಬುದು ನನ್ನ ಪಕ್ಷಪಾತ.

ಮೊದಲು ಒಂದು ತಪ್ಪು ಕಲ್ಪನೆಯನ್ನು ಆಚೆ ಹಾಕೋಣ. ‘ಎತ್ತರದಲ್ಲಿ ಗುರುತ್ವ ಕಡಿಮೆ, ಅದಕ್ಕೇ ಚೆಂಡು ದೂರ ಹೋಗುತ್ತೆ’ ಎಂದು ಓದಿದವರೂ ಹೇಳುತ್ತಾರೆ. 2,600 ಮೀಟರ್ ಏರಿದರೆ ಗುರುತ್ವ ಇಳಿಯುವುದು ಶೇ 0.1ಕ್ಕಿಂತಲೂ ಕಡಿಮೆ. ಗಾಳಿಯ ಸಾಂದ್ರತೆಯಾದರೋ ಸುಮಾರು ಕಾಲು ಭಾಗ ಇಳಿದಿರುತ್ತದೆ. ಕಳ್ಳ ಯಾರೆಂದು ಇನ್ನು ಹುಡುಕಬೇಕಾಗಿಲ್ಲ.

ಗಾಳಿಯನ್ನು ನಾವು ಲೆಕ್ಕಕ್ಕೇ ಇಡುವುದಿಲ್ಲ, ಅದೇ ತೊಂದರೆ. ಗಂಟೆಗೆ 108 ಕಿ.ಮೀ. ವೇಗದಲ್ಲಿ ಹೋಗುವ ಟೆನಿಸ್ ಚೆಂಡನ್ನು ಗಾಳಿ ಹಿಂದಕ್ಕೆ ತಳ್ಳುವ ಬಲ, ಸಮುದ್ರಮಟ್ಟದಲ್ಲಿ, ಆ ಚೆಂಡಿನ ತೂಕದ ಹೆಚ್ಚುಕಡಿಮೆ ಎರಡರಷ್ಟು! ಗಂಟೆಗೆ 160 ಕಿ.ಮೀ.ನಲ್ಲಿ ಹೊರಟ ಸರ್ವ್ 18 ಮೀಟರ್ ದಾಟಿ ನೆಲ ಮುಟ್ಟುವ ಹೊತ್ತಿಗೆ ಸುಮಾರು 112ಕ್ಕೆ ಇಳಿದಿರುತ್ತದೆ. ಅದೇ ಸರ್ವ್ ಬೊಗೊಟಾದಲ್ಲಿ 122ರ ಆಸುಪಾಸಿನಲ್ಲಿರುತ್ತದೆ. ಇವು ನಾನು ಕಾಗದದ ಮೇಲೆ ಹಾಕಿದ ಒರಟು ಲೆಕ್ಕ; ಚೆಂಡಿನ ಜುಂಗು ಎಷ್ಟು ಎದ್ದಿದೆ ಎಂಬುದರ ಮೇಲೆ ಒಂದೆರಡು ಅಂಕಿ ಅತ್ತಿತ್ತ ಆದೀತು. ಮಣ್ಣು ಚೆಂಡನ್ನು ಹಿಡಿಯುವುದಕ್ಕೂ ಮೊದಲೇ ಗಾಳಿ ತನ್ನ ಪಾಲನ್ನು ಕಿತ್ತುಕೊಂಡಿರುತ್ತದೆ, ಬೊಗೊಟಾದಲ್ಲಿ ಆ ಪಾಲು ಸಣ್ಣದು, ಅಷ್ಟೇ.

ಹಾಗಾದರೆ ‘ನಿಧಾನ’ ಎಂಬ ಹಣೆಪಟ್ಟಿ ಬಂದದ್ದೆಲ್ಲಿಂದ? ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ಅಂಕಣಗಳ ವೇಗವನ್ನು ಒಂದು ಸೂತ್ರದಿಂದ ಅಳೆಯುತ್ತದೆ. ಅದರಲ್ಲಿರುವ ಪರಿಮಾಣಗಳು ಎರಡೇ: ನೆಲದ ಘರ್ಷಣೆ ಮತ್ತು ಚೆಂಡು ಪುಟಿಯುವ ಪ್ರಮಾಣ. ಇಟ್ಟಿಗೆ ಪುಡಿಯ ಆ ಕೆಂಪು ಹಾಸು ಚೆಂಡನ್ನು ಗಟ್ಟಿಯಾಗಿ ಹಿಡಿದು ಅದರ ಮುನ್ನುಗ್ಗುವ ವೇಗವನ್ನು ಕಸಿಯುತ್ತದೆ, ಮೇಲಕ್ಕೆ ಚೆನ್ನಾಗಿಯೇ ಚಿಮ್ಮಿಸುತ್ತದೆ. ಆದ್ದರಿಂದ ವೇಗದ ಅಂಕ ಕಡಿಮೆ. ಸೂತ್ರ ಸರಿಯಾಗಿದೆ. ಆದರೆ ಅದು ಹೇಳುವುದು ಚೆಂಡು ನೆಲಕ್ಕಂಟಿದ ಕ್ಷಣದ ಕಥೆಯನ್ನು ಮಾತ್ರ. ಉಳಿದ ಪಯಣವೆಲ್ಲ ಗಾಳಿಯಲ್ಲಿ. ಅದಕ್ಕೆ ಸೂತ್ರದಲ್ಲಿ ಜಾಗವಿಲ್ಲ.

ಚೆಂಡಿನ ಹೊಟ್ಟೆಯೊಳಗೂ ಗಾಳಿಯಿದೆ. ಮುಳ್ಳಯ್ಯನಗಿರಿಗೆ ಒಯ್ದ ಚಿಪ್ಸ್ ಪೊಟ್ಟಣ ದಾರಿಯಲ್ಲೇ ಉಬ್ಬಿ ಬಿಗಿಯಾಗುವುದನ್ನು ನೋಡಿರುತ್ತೀರಿ. ಒತ್ತಡ ತುಂಬಿದ ಚೆಂಡಿಗೂ ಇದೇ ಗತಿ: ರಬ್ಬರ್ ಉಬ್ಬದಿದ್ದರೂ ಒಳಗಿನ ಒತ್ತಡಕ್ಕೂ ಹೊರಗಿನದಕ್ಕೂ ಇರುವ ಅಂತರ ಬೊಗೊಟಾದಲ್ಲಿ ಸುಮಾರು ಶೇ 30ರಷ್ಟು ಹೆಚ್ಚುತ್ತದೆ, ಚೆಂಡು ಹುಚ್ಚೆದ್ದು ಪುಟಿಯುತ್ತದೆ. ಅದಕ್ಕಾಗಿಯೇ 1,219 ಮೀಟರಿಗಿಂತ ಎತ್ತರದ ಊರುಗಳಿಗೆ ನಿಯಮಪುಸ್ತಕದಲ್ಲಿ ಬೇರೆ ಚೆಂಡುಗಳಿವೆ. ಸಾಮಾನ್ಯ ಚೆಂಡು 254 ಸೆಂ.ಮೀ. ಎತ್ತರದಿಂದ ಬಿಟ್ಟಾಗ 135ರಿಂದ 147 ಸೆಂ.ಮೀ. ಪುಟಿಯಬೇಕು, ಎತ್ತರದ ಊರಿನ ಒಂದು ಬಗೆಯ ಚೆಂಡಿಗೆ 122ರಿಂದ 135 ಸಾಕು. ಇನ್ನೊಂದು ಬಗೆ ನನಗೆ ಬಲು ಪ್ರಿಯ. ಅದರ ಒಳಗೂ ಹೊರಗೂ ಒತ್ತಡ ಸಮ. ಪಂದ್ಯ ನಡೆಯುವ ಎತ್ತರದಲ್ಲೇ ಅದನ್ನು 60 ದಿನಕ್ಕೆ ಕಡಿಮೆಯಿಲ್ಲದಂತೆ ಇಟ್ಟಿರಬೇಕೆಂಬುದು ನಿಯಮ. ರಬ್ಬರಿನ ಮೂಲಕ ಅನಿಲ ಅಷ್ಟು ಮೆಲ್ಲಗೆ ನುಸುಳುತ್ತದೆ. ಆಟಗಾರ್ತಿ ಬರುವ ಎಷ್ಟೋ ಮೊದಲೇ ಚೆಂಡು ಬಂದು ಹವೆಗೆ ಒಗ್ಗಿಕೊಳ್ಳುತ್ತಾ ಕೂತಿರಬೇಕು! ನಮ್ಮ ಬೆಂಗಳೂರು 920 ಮೀಟರ್, ಮಡಿಕೇರಿಯೂ 1,219ರ ಗೆರೆಗಿಂತ ಕೆಳಗೇ. ಹಾಗಾಗಿ ನಮಗೆ ಈ ನಿಯಮ ತಾಗುವುದಿಲ್ಲ.

ಎತ್ತರಕ್ಕೂ ಒತ್ತಡಕ್ಕೂ ಇರುವ ನಂಟನ್ನು ಕೊಲಂಬಿಯಾದವರೇ ಒಬ್ಬರು ಸೊಗಸಾಗಿ ಬಳಸಿಕೊಂಡಿದ್ದರು. ಪೊಪಾಯಾನ್ ಊರಿನ ಫ್ರಾನ್ಸಿಸ್ಕೊ ಹೊಸೆ ದೆ ಕಾಲ್ದಾಸ್‌ಗೆ ಬೆಟ್ಟಗಳ ಎತ್ತರ ಅಳೆಯುವ ಹುಚ್ಚು. ಇದ್ದ ಥರ್ಮಾಮೀಟರ್ ಒಡೆಯಿತು. ಅದನ್ನು ಸರಿಪಡಿಸಿ ಮತ್ತೆ ಗೆರೆ ಹಾಕಲು ಕುದಿನೀರಿಗಿಟ್ಟಾಗ, ನೀರು ಕುದಿಯುವ ಉಷ್ಣತೆ ಊರಿನ ಎತ್ತರಕ್ಕೆ ತಕ್ಕಂತೆ ಬದಲಾಗುವುದರಿಂದ ಅದರಿಂದಲೇ ಎತ್ತರ ತಿಳಿಯಬಹುದಲ್ಲ ಎಂದು ಹೊಳೆಯಿತು. 1800ರ ಆಸುಪಾಸಿನ ಮಾತು. ಬೊಗೊಟಾದಲ್ಲಿ ನೀರು 91–92 ಡಿಗ್ರಿಗೇ ಕುದಿಯುತ್ತದೆ. ಮುಂದೆ ಅದೇ ಊರಿನ ಖಗೋಳ ವೀಕ್ಷಣಾಲಯದ ಮುಖ್ಯಸ್ಥರಾದ ಅವರನ್ನು, ಸ್ವಾತಂತ್ರ್ಯ ಹೋರಾಟಕ್ಕೆ ಸೇರಿದ ತಪ್ಪಿಗೆ, 1816ರಲ್ಲಿ ಸ್ಪೇನಿನ ಸೇನೆ ಗುಂಡಿಕ್ಕಿ ಕೊಂದಿತು.

ಟೆನಿಸ್‌ಗೆ ಮರಳೋಣ. ಮಣ್ಣಿನ ಅಂಕಣದ ಬ್ರಹ್ಮಾಸ್ತ್ರ ಟಾಪ್‌ಸ್ಪಿನ್. ಮುಂದಕ್ಕೆ ಸುತ್ತುತ್ತಾ ಹೋಗುವ ಚೆಂಡು ಗಾಳಿಯನ್ನು ಮೇಲಕ್ಕೆ ತಿರುಗಿಸಿ, ತಾನು ಕೆಳಕ್ಕೆ ಬಾಗುತ್ತದೆ. ಓರೆಯಾಗಿ ಹೊಡೆದ ಟೆನಿಸ್ ಚೆಂಡಿನ ಬಾಗುದಾರಿಯನ್ನು ನ್ಯೂಟನ್ 1672ರಷ್ಟು ಹಿಂದೆಯೇ ಗುರುತಿಸಿದ್ದ. ಈ ಬಾಗಿಸುವ ಬಲವೂ ಗಾಳಿಯ ಸಾಂದ್ರತೆಗೆ ತಕ್ಕಷ್ಟೇ. ಅಂದರೆ ಬೊಗೊಟಾದಲ್ಲಿ ಎಷ್ಟೇ ತಿರುಚಿ ಹೊಡೆದರೂ ಚೆಂಡು ಬಾಗುವುದು ಕಡಿಮೆ. ತಡೆಯೂ ಕಡಿಮೆ, ಬಾಗೂ ಕಡಿಮೆ, ಗೆರೆ ದಾಟದೆ ಇನ್ನೇನಾದೀತು? ತಂತಿಗಳನ್ನು ಇನ್ನಷ್ಟು ಬಿಗಿದು ಚೆಂಡಿನ ಹಾರಾಟಕ್ಕೆ ಕಡಿವಾಣ ಹಾಕುವುದು ಆಟಗಾರರ ಹಳೆಯ ಉಪಾಯ.

ಸ್ಲೈಸ್ ಹೊಡೆತಕ್ಕೆ ಇದೇ ನಷ್ಟ ಲಾಭವಾಗುತ್ತದೆ. ಹಿಮ್ಮುಖವಾಗಿ ಸುತ್ತುವ ಚೆಂಡನ್ನು ದಟ್ಟ ಗಾಳಿ ಎತ್ತಿ ತೇಲಿಸುತ್ತದೆ. ತೆಳು ಗಾಳಿಯಲ್ಲಿ ಅದು ತೇಲದೆ ಬೇಗ ಬಂದು ಎರಗುತ್ತದೆ. ಜರ್ಮನಿಯ ಟಟ್ಯಾನಾ ಮರಿಯಾ ಫೋರ್‌ಹ್ಯಾಂಡನ್ನೂ ಸ್ಲೈಸ್ ಮಾಡುವ ಅಪರೂಪದ ಆಟಗಾರ್ತಿ. ಆಕೆ 34ನೇ ವಯಸ್ಸಿನಲ್ಲಿ, ಎರಡನೇ ಮಗು ಹುಟ್ಟಿದ ಸುಮಾರು ಒಂದು ವರ್ಷಕ್ಕೆ, 2022ರಲ್ಲಿ ಇಲ್ಲಿ ಗೆದ್ದರು. 2023ರಲ್ಲಿ ಮತ್ತೆ ಗೆದ್ದರು. ಗೆಲುವಿಗೆಲ್ಲ ಗಾಳಿಯೇ ಕಾರಣ ಎಂದರೆ ಆಕೆಗೆ ಅನ್ಯಾಯ, ಆದರೆ ಗಾಳಿ ಆಕೆಯ ವಿರುದ್ಧವಂತೂ ಇರಲಿಲ್ಲ.

‘ಬೆಟ್ಟದಲ್ಲಿ ಹುಟ್ಟಿದವರಿಗೇ ಬೆಟ್ಟದ ಆಟ’ ಎನ್ನುವವರೂ ಇದ್ದಾರೆ. ಇಲ್ಲಿ ಅತಿ ಹೆಚ್ಚು ಗೆದ್ದ ಕೊಲಂಬಿಯಾದವರು ಇಬ್ಬರು. ಫಾಬಿಯೋಲಾ ಸುಲುವಾಗಾ ನಾಲ್ಕು ಬಾರಿ. ಕಮಿಲಾ ಒಸೊರಿಯೊ 2021, 2024 ಮತ್ತು 2025ರಲ್ಲಿ. ಇಬ್ಬರೂ ಕೂಕುತಾ ಎಂಬ ಊರಿನವರು. ವೆನೆಜುವೆಲಾ ಗಡಿಯಲ್ಲಿರುವ ಆ ಸೆಕೆಯೂರಿನ ಎತ್ತರ ಸುಮಾರು 320 ಮೀಟರ್.