ಲೂಪರ್ ಒತ್ತಬೇಕಾದ್ದು ಹದಿನೇಳನೆಯ ಬೀಟ್‌ಗೆ

ಲೂಪರ್ ಪೆಡಲ್ ಅಂದರೆ ಗಿಟಾರ್‌ನಲ್ಲಿ ನುಡಿಸಿದ್ದನ್ನು ರೆಕಾರ್ಡ್ ಮಾಡಿ ಸುತ್ತಿ ಸುತ್ತಿ ಕೇಳಿಸುವ, ಕಾಲಿನಿಂದ ಒತ್ತುವ ಪೆಟ್ಟಿಗೆ. ಒಮ್ಮೆ ಒತ್ತಿದರೆ ರೆಕಾರ್ಡ್ ಶುರು, ಮತ್ತೆ ಒತ್ತಿದರೆ ಅದು ಮುಗಿದು ಆ ತುಣುಕು, ಅಂದರೆ ಲೂಪ್, ಸುತ್ತತೊಡಗುತ್ತದೆ. ಅದನ್ನು ಕೊಂಡ ಹೊಸದರಲ್ಲಿ ಹೆಚ್ಚಿನವರನ್ನು ಕಾಡುವುದು ಒಂದೇ ತೊಂದರೆ. ನುಡಿಸಿದ್ದು ಸರಿಯಾಗಿಯೇ ಇರುತ್ತದೆ, ಆದರೆ ಲೂಪ್ ಮರಳಿ ಶುರುವಾಗುವ ಜಾಗದಲ್ಲಿ ತಾಳ ಮುಗ್ಗರಿಸುತ್ತದೆ. ಪುಣೆಯ ಕೋಥ್ರೂಡ್‌ನ ನಮ್ಮ ರೂಮಿನಲ್ಲಿ ನಾನು ಎರಡು ವಾರ ಇದನ್ನೇ ತಿದ್ದುತ್ತ ಕುಳಿತಿದ್ದೆ. ಕೊನೆಗೆ ಗಂಟು ಬಿಡಿಸಿದ್ದು ತಬಲಾ ಕಲಿಯುತ್ತಿರುವ ನನ್ನ ರೂಮ್‌ಮೇಟ್, ಧಾರವಾಡದವನು. ಬಾಗಿಲಲ್ಲೇ ನಿಂತು ನಾಲ್ಕು ಸಲ ಕೇಳಿ, "ಹದಿನಾರಕ್ಕ ಯಾಕ ಒತ್ತತೀಯೋ? ಸಮಕ್ಕ ಒತ್ತು" ಅಂದ. ಸಮ ಅಂದರೆ ತಾಳದ ಒಂದು ಸುತ್ತಿನ (ಆವರ್ತನದ) ಮೊದಲ ಪೆಟ್ಟು. ಈ ಟಿಪ್ಪಣಿ ಪೂರ್ತಿ ಆ ಒಂದು ಮಾತಿನ ವಿವರಣೆ.

ನಾಲ್ಕು ಬೀಟ್‌ಗಳ ನಾಲ್ಕು ಬಾರ್ ಅಂದರೆ ಹದಿನಾರು ಬೀಟ್. ಹಿಂದುಸ್ತಾನಿ ತಾಳವಾದ ತೀನ್‌ತಾಲದ ಒಂದು ಆವರ್ತನಕ್ಕೂ ಹದಿನಾರೇ ಮಾತ್ರೆ (ಬೀಟ್). ಸಾದಾ ಲೂಪರ್‌ಗೆ ತಾಳ ಗೊತ್ತಿಲ್ಲ. ಮೊದಲ ಸಲ ಒತ್ತಿದ್ದಕ್ಕೂ ಎರಡನೆಯ ಸಲ ಒತ್ತಿದ್ದಕ್ಕೂ ನಡುವೆ ಎಷ್ಟು ಸಮಯ ಹೋಯಿತೋ ಅಷ್ಟೇ ಅದರ ಲೂಪ್. ಹದಿನಾರನೆಯ ಬೀಟ್ ಬಾರಿಸಿದ ಕೂಡಲೇ "ಮುಗಿಯಿತು" ಎಂದು ಒತ್ತಿದರೆ, ಆ ಬೀಟ್ ಮುಗಿಯಬೇಕಿದ್ದ ಸಮಯ ಲೂಪ್‌ಗೆ ಸೇರುವುದೇ ಇಲ್ಲ. 90 ಬಿಪಿಎಂನಲ್ಲಿ (ನಿಮಿಷಕ್ಕೆ 90 ಬೀಟ್) ಒಂದು ಬೀಟ್ ಸುಮಾರು 667 ಮಿಲಿಸೆಕೆಂಡ್. ಅಷ್ಟೂ ಕತ್ತರಿಸಿಹೋಗುತ್ತದೆ. ಒತ್ತಬೇಕಾದ್ದು ಹದಿನೇಳಕ್ಕೆ, ಅಂದರೆ ಮುಂದಿನ ಆವರ್ತನದ ಒಂದಕ್ಕೆ.

ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಅವರ ಶಿಷ್ಯ, ಗದಗಿನ ಭೀಮಸೇನ ಜೋಶಿ 1953ರಲ್ಲಿ ಇದೇ ಪುಣೆಯಲ್ಲಿ ಶುರುಮಾಡಿದ ಸಂಗೀತೋತ್ಸವಕ್ಕೆ ಹೋದವರಿಗೆ ಇದು ಬೇಗ ಹೊಳೆಯುತ್ತದೆ. ತಬಲಾದವರು ತಿಹಾಯಿ (ಒಂದೇ ತುಣುಕನ್ನು ಮೂರು ಸಲ ಬಾರಿಸಿ ಮುಗಿಸುವುದು) ಬಾರಿಸುವಾಗ ಕೊನೆಯ "ಧಾ" ಬೀಳುವುದು ಸಮದ ಮೇಲೆ. ಹಳೆಯ ಆವರ್ತನ ಮುಗಿಯುವುದೂ ಹೊಸದು ಹುಟ್ಟುವುದೂ ಆ ಒಂದೇ ಪೆಟ್ಟಿನಲ್ಲಿ. ನಿಮ್ಮ ಕಾಲು ಆ ಧಾ ಆಗಬೇಕು.

ಈಗ ಕಾಲಿನ ವಿಷಯ. ಹೆಚ್ಚಿನವರು ಬಿಗಿದ ಕಾಲಿನಿಂದ, ಪೆಡಲನ್ನೇ ನೋಡುತ್ತ ಒತ್ತುತ್ತಾರೆ. ಆ ಹೊತ್ತಿಗೆ ಮೈಭಾರ ಒಂದು ಕಡೆ ವಾಲಿ ಬಲಗೈ ತಡವರಿಸುತ್ತದೆ. ಹಿಮ್ಮಡಿ ನೆಲಕ್ಕೂರಿ ಮುಂಗಾಲನ್ನು ಸ್ವಿಚ್ಚಿನ ಮೇಲೆ ಬೆರಳಗಲ ಎತ್ತಿ ಹಿಡಿಯಿರಿ. ಹದಿಮೂರಕ್ಕೇ ಕಾಲು ಸಿದ್ಧವಾಗಿರಲಿ, ಹದಿನೇಳಕ್ಕೆ ಬರೀ ಇಳಿಯಲಿ. ನಾನು ಬರಿಗಾಲಲ್ಲೇ ಒತ್ತುತ್ತೇನೆ. ದಪ್ಪ ಶೂ ಹಾಕಿದರೆ ಸ್ವಿಚ್ ಎಲ್ಲಿ ಸಿಕ್ಕಿತು ಎಂದು ಪಾದಕ್ಕೆ ತಿಳಿಯುವುದಿಲ್ಲ. ನಿಮ್ಮ ಪೆಡಲ್ ಒತ್ತಿದಾಗ ಕೆಲಸ ಮಾಡುತ್ತದೋ, ಕಾಲು ಬಿಟ್ಟಾಗಲೋ ಎಂಬುದನ್ನು ಮೊದಲೇ ಪರೀಕ್ಷಿಸಿಕೊಳ್ಳಿ.

ಬಲಗೈ ಮಾತ್ರ ನಿಲ್ಲಬಾರದು. ಇದು ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ಮಾತು. ರೆಕಾರ್ಡ್ ಒತ್ತುವ ಮೊದಲೇ ಒಂದು ಆವರ್ತನ ನುಡಿಸಿ, ಲಯ ಮೈಗೆ ಹತ್ತಲಿ. ಎರಡನೆಯ ಆವರ್ತನದ ಒಂದಕ್ಕೆ ಮೊದಲ ಸಲ ಒತ್ತಿ, ಮೂರನೆಯದರ ಒಂದಕ್ಕೆ ಮತ್ತೆ ಒತ್ತಿ. ಆಮೇಲೂ ಏನೂ ಆಗಿಲ್ಲವೆಂಬಂತೆ ಇನ್ನೊಂದು ಸುತ್ತು ನುಡಿಸಿ. ಎರಡೂ ಸಲ ಕಾಲು ಹರಿಯುವ ಲಯದ ನಡುವೆಯೇ ಬೀಳುವುದರಿಂದ ತಪ್ಪು ಅರ್ಧಕ್ಕರ್ಧ ಅಲ್ಲೇ ಕಡಿಮೆಯಾಗುತ್ತದೆ.

ಅಭ್ಯಾಸಕ್ಕೆ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳು) ಬೇಡ. ಎಡಗೈಯಿಂದ ತಂತಿಗಳನ್ನು ಮುಚ್ಚಿ "ಚಕ್ ಚಕ್" ಎಂದಷ್ಟೇ ಬಾರಿಸಿ ಲೂಪ್ ಮಾಡಿ, ಕಣ್ಣು ಮುಚ್ಚಿ ಕೇಳಿ. ಕೂಡುವ ಜಾಗದಲ್ಲಿ ಒಂದು ಚಕ್ ಇನ್ನೊಂದರ ಮೈಮೇಲೆ ಬಿದ್ದರೆ ಬೇಗ ಒತ್ತಿದ್ದೀರಿ, ಸಂದು ಬಿಟ್ಟರೆ ತಡವಾಗಿದೆ. ಪಕ್ಕದಲ್ಲಿ ಟಿಕ್ ಟಿಕ್ ಎಂದು ಲಯ ಕೊಡುವ ಮೆಟ್ರೊನೋಮ್ ಓಡುತ್ತಿದ್ದರೆ ಪರೀಕ್ಷೆ ಇನ್ನೂ ಕಟ್ಟುನಿಟ್ಟು: 40 ಮಿಲಿಸೆಕೆಂಡ್ ಬೇಗ ಒತ್ತಿದ ಲೂಪ್ ಹತ್ತು ಸುತ್ತಿನಲ್ಲಿ 400 ಮಿಲಿಸೆಕೆಂಡ್ ಮುಂದೆ ಹೋಗಿರುತ್ತದೆ, 90 ಬಿಪಿಎಂನಲ್ಲಿ ಅರ್ಧ ಬೀಟ್‌ಗೂ ಹೆಚ್ಚು. ಮೆಟ್ರೊನೋಮನ್ನು ಬ್ಲೂಟೂತ್ ಇಯರ್‌ಫೋನಿನಲ್ಲಿ ಕೇಳಬೇಡಿ, ಸದ್ದು ತಡವಾಗಿ ಬರುತ್ತದೆ.

ನುಡಿಸುವುದು ಒಂದಕ್ಕೆ ಶುರುವಾಗದಿದ್ದರೆ? ಖಯಾಲ್‌ನ ಮುಖಡಾ, ಅಂದರೆ ಬಂದಿಶಿನ ಮೊದಲ ಸಾಲಿನ ಎತ್ತುಗಡೆ, ಎಷ್ಟೋ ಸಲ ಸಮಕ್ಕಿಂತ ಮೊದಲೇ ಎತ್ತಿಕೊಳ್ಳುತ್ತದೆ. ಗಿಟಾರ್‌ನಲ್ಲೂ ಹಾಗೆ ಎತ್ತುವ ಸ್ವರಗಳಿರುತ್ತವೆ. ಆಗ ಹದಿಮೂರಕ್ಕೆ ಮೊದಲ ಸಲ ಒತ್ತಿದವರು ಮುಂದಿನ ಹದಿಮೂರಕ್ಕೇ ಮತ್ತೆ ಒತ್ತಬೇಕು. ಎರಡೂ ಸಲ ಆವರ್ತನದ ಒಂದೇ ಜಾಗಕ್ಕೆ ಕಾಲು ಬಿದ್ದರೆ ಉದ್ದ ತಾನಾಗಿ ಸರಿಹೋಗುತ್ತದೆ.

ಇಷ್ಟಾದರೂ ಕೂಡುವಲ್ಲಿ ಕತ್ತರಿಸಿದಂತೆ ಕೇಳಿದರೆ ತಪ್ಪು ಕಾಲಿನದಾಗಿರಲಿಕ್ಕಿಲ್ಲ. ಪ್ರತಿಧ್ವನಿ, ಅನುರಣನ ಕೊಡುವ ಡಿಲೇ, ರಿವರ್ಬ್ ಪೆಡಲ್‌ಗಳು ಲೂಪರ್‌ಗಿಂತ ಮುಂಚೆ ಇದ್ದರೆ ಕೊನೆಯ ಕಾರ್ಡಿನ ಅನುರಣನ ಲೂಪ್ ಮುಗಿಯುವಲ್ಲಿ ಥಟ್ಟನೆ ತುಂಡಾಗುತ್ತದೆ. ಕೆಲವು ಲೂಪರ್‌ಗಳಲ್ಲಿ ಎರಡನೆಯ ಸಲ ಒತ್ತಿದಾಗ ನೇರ ಓವರ್‌ಡಬ್‌ಗೆ (ಲೂಪಿನ ಮೇಲೆಯೇ ಇನ್ನಷ್ಟು ರೆಕಾರ್ಡ್ ಮಾಡುವುದಕ್ಕೆ) ಹೋಗುವ ಸೆಟ್ಟಿಂಗ್ ಇದೆ. ಅದನ್ನು ಹಾಕಿದರೆ ಆ ಅನುರಣನ ಲೂಪಿನ ಶುರುವಿನ ಮೇಲೆ ಬಂದು ಕೂರುತ್ತದೆ, ಹೊಲಿಗೆ ಕಾಣುವುದಿಲ್ಲ. ಆಗ ಮಾತ್ರ, ಮೊದಲು ಹೇಳಿದಂತೆ ನುಡಿಸುತ್ತ ಹೋಗದೆ, ಅನುರಣನ ಅಡಗುವವರೆಗೆ ತಂತಿ ಮುಟ್ಟದೆ ಕಾದು, ಇನ್ನೊಮ್ಮೆ ಒತ್ತಿ ಓವರ್‌ಡಬ್‌ನಿಂದ ಹೊರಗೆ ಬನ್ನಿ.